ಗೋಣಿತಾಟಿನ ಮೇಲೆ ಹತಾರ ಹರವುತ್ತಿದ್ದ ಮೇಸ್ತ್ರಿ

ಬೆಳಿಗ್ಗೆ ಐದಕ್ಕೆ ಎದ್ದು ಅಂಗಳ ಗುಡಿಸಿದೆ. ಎಮ್ಮೆ ಹಿಂಡಿ ಹಾಲು ಕಾಯಿಸಿಟ್ಟೆ. ಬಾಲವಾಡಿಯ ಕೀಲಿಯನ್ನು ಆಯಾಳ ಕೈಗೆ ಕೊಟ್ಟು, ಮಕ್ಕಳ ಉಪ್ಪಿಟ್ಟಿಗೆ ರವೆ ಅಳೆದು ಕೊಟ್ಟೆ. ನಮ್ಮ ಯಜಮಾನರ ಬಿಳಿ ಅಂಗಿಗೆ ಒಂದು ಗುಂಡಿ ಹಾಕಿದೆ. ಏಳೂವರೆಯ ಬಸ್ಸಿಗೆ ಇಬ್ಬರೂ ಹೊನ್ನಾಳಿಗೆ ಹೋದೆವು. ಪಂಪಿನ ಮೇಸ್ತ್ರಿಯ ಮಣ್ಣು ಮುಗಿಸಿಕೊಂಡು ಸಂಜೆ ನಾಲ್ಕರ ಹೊತ್ತಿಗೆ ತಿರುಗಿ ಬಂದೆವು. ತಲೆಗೆ ನೀರು ಹಾಕಿಕೊಂಡೆ. ಉಟ್ಟುಹೋಗಿದ್ದ ಸೀರೆ ನೆನೆಸಿದೆ. ಎಮ್ಮೆಗೆ ಹುಲ್ಲು ಹಾಕಿದೆ. ಇವತ್ತಿನ ಕೆಲಸ ಇಷ್ಟು.

ಅಳು ಬರಲಿಲ್ಲ. ಬರಬಹುದೆಂದು ಬಸ್ಸಿನಲ್ಲಿ ಸೆರಗಿನ ತುದಿಯನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದೆ. ಇಳಿಯುವಾಗ ನೋಡಿದರೆ ಅದು ಮುದುಡಿತ್ತು, ಅಷ್ಟೇ.

ಅವರ ಹೆಸರು ಬರೆಯುವುದಿಲ್ಲ. ನಮ್ಮ ಕೆರೆಯ ಸುತ್ತಲಿನ ಊರುಗಳಲ್ಲಿ ಮೇಸ್ತ್ರಿ ಅಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಅವರು ಹತಾರ ಆರಿಸುತ್ತಾ ಕುಂತಿದ್ದಕ್ಕೆ ಒಬ್ಬ ಮುಳುಗಿ ಸತ್ತ ಎಂದು ಈ ಊರುಗಳು ಒಂಬತ್ತು ವರ್ಷದಿಂದ ಹೇಳುತ್ತಿವೆ. ಅದರ ಹಿಂದೆ ಇನ್ನೊಂದು ತಪ್ಪು ಇತ್ತು. ಅದು ಗೊತ್ತಿದ್ದವರು ನಾಲ್ಕೇ ಜನ ಎಂದು ಇವತ್ತಿನವರೆಗೂ ತಿಳಿದಿದ್ದೆ. ದೋಣಿಯ ಡ್ರೈವರ್ ಆ ವರ್ಷವೇ ವರ್ಗವಾಗಿ ಹೋದ. ಮೇಸ್ತ್ರಿ ಮೊನ್ನೆ ರಾತ್ರಿ ತೀರಿಕೊಂಡರು. ಉಳಿದವರು ನಮ್ಮ ಯಜಮಾನರು ಮತ್ತು ನಾನು.

ಮೇಸ್ತ್ರಿಯನ್ನು ನಾನು ಮೊದಲು ನೋಡಿದ್ದು ನ್ಯಾಮತಿಯ ನನ್ನ ತವರಿನಲ್ಲಿ, ಮದುವೆಗೆ ಮುಂಚೆ. ನಮ್ಮ ತೋಟದ ಬಾವಿಯ ಪಂಪು ನೀರೆತ್ತುವುದನ್ನು ನಿಲ್ಲಿಸಿತ್ತು. ಮೂರು ಜನ ಬಂದು ಬಿಚ್ಚಿ ಕಟ್ಟಿ ಹೋಗಿದ್ದರು. ನಾಲ್ಕನೆಯವರಾಗಿ ಹೊನ್ನಾಳಿ ಬಸ್ಸಿನಿಂದ ಇವರು ಇಳಿದರು. ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಹತಾರ ತುಂಬಿದ ಚೀಲ. ಬಂದವರು ಪಂಪನ್ನು ಮುಟ್ಟಲೇ ಇಲ್ಲ. ನೆರಳಿನಲ್ಲಿ ಒಂದು ಗೋಣಿತಾಟು ಹಾಸಿ ಚೀಲದಲ್ಲಿದ್ದ ಹತಾರವನ್ನೆಲ್ಲ ಸಾಲಾಗಿ ಹರವಿದರು. ಆಮೇಲೆ ಒಂದೊಂದನ್ನೇ ಎತ್ತಿ, ಪಂಪಿನ ಕಡೆ ಒಮ್ಮೆ ನೋಡಿ, "ಇದಲ್ಲ" ಎಂದು ಚೀಲಕ್ಕೆ ವಾಪಸು ಹಾಕತೊಡಗಿದರು.

ನಮ್ಮಪ್ಪನಿಗೆ ತಾಳ್ಮೆ ಕಡಿಮೆ.

"ಏನ್ ಮೇಸ್ತ್ರಿ, ಹೆಣ್ಣು ನೋಡಾಕೆ ಬಂದೋರಂಗೆ ಒಂದೊಂದೇ ನೋಡ್ತೀಯಲ್ಲ. ಕೆಲಸ ಸುರು ಮಾಡು."

"ಸುರುವಾಗೈತೆ ಗೌಡ್ರೆ."

"ಎಲ್ಲಿ ಸುರುವಾಗೈತೆ? ಬರೇ ಹತಾರ ತಿರುವಿ ಹಾಕ್ತಿದೀಯ."

"ಅದೇ ಕೆಲಸ. ಆಮ್ಯಾಲಿಂದು ಏನಿದ್ರೂ ಬರೇ ಕೈ."

ಕೊನೆಗೆ ಗೋಣಿತಾಟು ಪೂರ್ತಿ ಖಾಲಿಯಾಯಿತು. ನಮ್ಮಪ್ಪ ನಗುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವರು ನನ್ನ ಕಡೆ ತಿರುಗಿ, "ಅಕ್ಕಾರೆ, ಮನ್ಯಾಗೆ ಚೀಲ ಹೊಲಿಯೋ ದಬ್ಬಣ ಐತಾ?" ಎಂದರು. ತಂದುಕೊಟ್ಟೆ. ಅದರ ತುದಿಯನ್ನು ಕಲ್ಲಿನ ಮೇಲಿಟ್ಟು ಕೊಕ್ಕೆಯಂತೆ ಬಗ್ಗಿಸಿದರು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ಬೇವಿನ ಮರಕ್ಕೆ ಬಿಗಿದು ಬಾವಿಗಿಳಿದರು. ನೀರಿನೊಳಗಿನ ಪೈಪಿನ ಬಾಯಿಂದ ನನ್ನ ತಮ್ಮನ ಒಂದು ಹಳೇ ಅಂಗಿಯನ್ನು ಇಡಿಯಾಗಿ ಎಳೆದು ತಂದರು. ಎಲ್ಲೂ ಹರಿದಿರಲಿಲ್ಲ. ಒಗೆದು ಮತ್ತೆ ತೊಡಿಸಿದೆವು.

"ಇಷ್ಟಕ್ಕೆ ನಾನೇ ಮಾಡ್ತಿದ್ನಲ್ಲೋ" ಎಂದರು ನಮ್ಮಪ್ಪ.

"ಮಾಡಬಹುದಿತ್ತು ಗೌಡ್ರೆ. ದಬ್ಬಣನೂ ನಿಮ್ದೇ."

ಸೊಂಟದ ಹಗ್ಗದ ವಿಷಯಕ್ಕೆ ಹೊನ್ನಾಳಿಯಲ್ಲಿ ಅವರನ್ನು ಬಹಳ ಗೋಳು ಹೊಯ್ದುಕೊಳ್ಳುತ್ತಿದ್ದರಂತೆ. ಹೊಳೆದಂಡೆಯ ಪಂಪುಗಳೆಲ್ಲ ಅವರ ಕೈಯಲ್ಲೇ ರಿಪೇರಿಯಾಗುತ್ತಿದ್ದವು. ಆದರೂ ಮೊಣಕಾಲುದ್ದ ನೀರಿಗೆ ಇಳಿಯುವುದಿದ್ದರೂ ಹಗ್ಗ ಕಟ್ಟಿಕೊಳ್ಳದೆ ಇಳಿಯುತ್ತಿರಲಿಲ್ಲ. ಅವರು ಹುಟ್ಟಿದ್ದು ಜಗಳೂರು ಸೀಮೆಯ ಸೊಕ್ಕೆಯಲ್ಲಿ. "ನಮ್ಮೂರಾಗೆ ನೀರು ಕೊಡದಾಗೆ ಇರ್ತತ್ರೀ. ಅದ್ರಾಗೆ ಯಾರೂ ಮುಳುಗಲ್ಲ, ಹಂಗಾಗಿ ಈಜು ಕಲಿಯಾಕೆ ಆಗ್ಲಿಲ್ಲ" ಎನ್ನುತ್ತಿದ್ದರು. ಹದಿನಾರನೆಯ ವಯಸ್ಸಿಗೆ ಕೆಲಸ ಹುಡುಕಿಕೊಂಡು ಹೊನ್ನಾಳಿಗೆ ಬಂದು, ಬಸ್ಸಿನ ಕಿಟಕಿಯಿಂದ ತುಂಗಭದ್ರೆಯನ್ನು ಕಂಡಾಗ, ಇಷ್ಟೂ ಒಂದೇ ಊರಿಗಾ ಎಂದು ಪಕ್ಕದವರನ್ನು ಕೇಳಿದ್ದರಂತೆ.

ಊಟಕ್ಕೆ ಕೂರುವ ಮುಂಚೆ ಅವರು ಕೈ ತೊಳೆಯುವುದೇ ಒಂದು ಕೆಲಸ. ಮೊದಲು ಸೀಮೆಎಣ್ಣೆ, ಆಮೇಲೆ ಒಲೆಯ ಬೂದಿ, ಕೊನೆಗೆ ಹುಣಸೆಹಣ್ಣು. ತೊಳೆದು ಮೂಸಿ ನೋಡುತ್ತಿದ್ದರು. ವಾಸನೆ ಉಳಿದಿದ್ದರೆ ಮತ್ತೆ ಸೀಮೆಎಣ್ಣೆಯಿಂದಲೇ ಶುರು. ಅಷ್ಟರಲ್ಲಿ ಮುದ್ದೆ ಆರಿರುತ್ತಿತ್ತು. ಆರಿದ ಮುದ್ದೆಯೇ ತಮಗೆ ಸೇರುತ್ತದೆ ಎನ್ನುತ್ತಿದ್ದರು. ನಿಜವೋ ಏನೋ, ಬಿಸಿ ಮುದ್ದೆ ಉಂಡಿದ್ದನ್ನು ನಾನಂತೂ ನೋಡಲಿಲ್ಲ.

ನನ್ನನ್ನು ಕೊಟ್ಟಿದ್ದು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ. ಬೋರ್ಡಿನಲ್ಲಿ ಶಾಂತಿಸಾಗರ ಎಂದು ಬರೆದಿರುತ್ತದೆ, ನಮ್ಮ ಬಾಯಿಗೆ ಹಳೆಯ ಹೆಸರೇ. ನಮ್ಮ ಯಜಮಾನರು ಕೆರೆದಂಡೆಯಲ್ಲಿ ಇಲಾಖೆಯ ಕಾವಲುಗಾರರು, ಆಗ ದಿನಗೂಲಿ. ನನಗೆ ದಂಡೆಯ ಎದುರಿನ ಬಾಲವಾಡಿಯಲ್ಲಿ ಕೆಲಸ ಸಿಕ್ಕಿತು. ಮೇಸ್ತ್ರಿ ಈ ಕಡೆಯೂ ಬರುತ್ತಿದ್ದರು. ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಊಟ. "ನ್ಯಾಮತಿ ಅಕ್ಕಾರು" ಎಂದು ಕರೆಯುತ್ತಿದ್ದರು.

ಎಂಬತ್ತರ ದಶಕ ಶುರುವಾದ ಮೇಲೆ ಲಾರಿಯಲ್ಲಿ ಒಂದು ದೋಣಿ ಬಂತು. ಬೇರೆ ಮೋಟಾರು ದೋಣಿಗಳಿಗೆ ಹಿಂದೆ ನೀರಿನಲ್ಲಿ ಫ್ಯಾನಿನ ರೆಕ್ಕೆ ಇರುತ್ತದಲ್ಲ, ಇದಕ್ಕೆ ಇರಲಿಲ್ಲ. ಹೊಟ್ಟೆಯ ಕೆಳಗಿನ ಜಾಲರಿಯಿಂದ ನೀರು ಹೀರಿ ಹಿಂಬದಿಯ ಕೊಳವೆಯಿಂದ ಜೋರಾಗಿ ಉಗಿಯುತ್ತಿತ್ತು. ಆ ರಭಸಕ್ಕೇ ಮುಂದೆ ಹೋಗುತ್ತಿತ್ತು. ಜೆಟ್ ಬೋಟು ಎಂದರು. ರೆಕ್ಕೆ ಒಳಗಿರುವುದರಿಂದ ಕೆರೆಯ ಜೊಂಡಾಗಲಿ ಮೀನಿನ ಬಲೆಯಾಗಲಿ ಇದಕ್ಕೆ ಸಿಕ್ಕಿಕೊಳ್ಳುವುದಿಲ್ಲ ಎಂದು ಸಾಹೇಬರು ದಂಡೆಯ ಮೇಲೆ ನಿಂತು ವಿವರಿಸಿದರು. ಮೀನುಗಾರರ ಓಣಿಯವರು ನಕ್ಕರು. "ಉಂಡು ಉಂಡು ಹಿಂದ್ಲಿಂದ ಬಿಡೋದು ನಮ್ಮ ಮಾವನೂ ಮಾಡ್ತಾನೆ, ಒಂದಡಿ ಮುಂದಕ್ಕೆ ಹೋಗಲ್ಲ" ಎಂದು ಒಬ್ಬಳು ಅಂದದ್ದು ಸಾಹೇಬರಿಗೂ ಕೇಳಿಸಿತು. ಮೇಸ್ತ್ರಿ ಮಾತ್ರ ಬಗ್ಗಿ ಆ ಜಾಲರಿಯನ್ನು ಬಹಳ ಹೊತ್ತು ನೋಡಿದರು. "ಇದು ದೋಣಿ ಅಲ್ರೀ, ಪಂಪು" ಎಂದರು. "ಪಂಪು ಅಂದ್ಮ್ಯಾಲೆ ಏನಾರ ನುಂಗೇ ನುಂಗ್ತತೆ."

ದೋಣಿ ಕಟ್ಟುವುದು ನಮ್ಮ ಯಜಮಾನರ ಕೆಲಸ. ಇಲಾಖೆ ಕೊಟ್ಟ ಬಿಳಿ ಹಗ್ಗ ಗಿಡ್ಡ. ಗಾಳಿಗೆ ದೋಣಿ ಜಗ್ಗುವುದನ್ನು ನೋಡಿ ಅವರಿಗೆ ಸಂಕಟ. "ಕುತ್ತಿಗೆ ಬಿಗಿದಂಗೆ ಆಗ್ತತೆ ಪಾಪ" ಎಂದು, ನಮ್ಮ ಎಮ್ಮೆ ಮೇಯಿಸಲು ತಂದಿದ್ದ ನೀಲಿ ನೈಲಾನ್ ಹಗ್ಗವನ್ನು ಅದಕ್ಕೆ ಗಂಟು ಹಾಕಿ ಹತ್ತು ಹನ್ನೆರಡು ಮಾರು ಸಡಿಲ ಬಿಟ್ಟು ಕಟ್ಟಿದರು. ದೋಣಿ ಆರಾಮಾಗಿ ಆಡಿಕೊಂಡಿತ್ತು. ಡ್ರೈವರ್ ಹೊರಡುವಾಗಲೆಲ್ಲ "ಇದೇನ್ರೀ, ಮೇಯಾಕೆ ಬಿಟ್ಟೀರಾ?" ಎಂದು ಗೊಣಗಿಕೊಂಡು ಅಷ್ಟೂ ಹಗ್ಗವನ್ನು ಒಳಗೆಳೆದು ಸುತ್ತಿಟ್ಟುಕೊಂಡು ಆಮೇಲೆ ಮೋಟಾರು ಹಾಕುತ್ತಿದ್ದ.

ಅವತ್ತು ಶ್ರಾವಣದ ಗಾಳಿ. ಕೆರೆ ತುಂಬಿತ್ತು. ಮಧ್ಯಾಹ್ನ ಮಕ್ಕಳನ್ನು ಮಲಗಿಸಿ ಬಾಲವಾಡಿಯ ಜಗಲಿಗೆ ಬಂದೆ. ದಂಡೆಯಲ್ಲಿ ಕೂಗು ಎದ್ದಿತ್ತು. ಮೀನುಗಾರರ ಓಣಿಯ ಅಣ್ಣತಮ್ಮಂದಿರಿಬ್ಬರ ಹರಿಗೋಲು ಕೆರೆಯ ನಡುವೆ ಮಗುಚಿತ್ತು. ಬೋರಲು ಹಾಕಿದ ಬೋಗುಣಿಯಂತೆ ಕಾಣುತ್ತಿತ್ತು, ಅದರ ಅಂಚಿನಲ್ಲಿ ಎರಡು ತಲೆ. ಬೇರೆ ಎರಡು ಹರಿಗೋಲು ಹೊರಟವು. ಗಾಳಿ ಅವನ್ನು ಗರಗರ ತಿರುಗಿಸಿ ದಂಡೆಗೇ ತಂದು ಬಡಿಯಿತು. ಉಳಿದದ್ದು ಜೆಟ್ ಬೋಟು.

ಡ್ರೈವರ್ ಓಡಿ ಬಂದು ಹಾರಿದ. "ಬಿಚ್ರೀ! ಬಿಚ್ರೀ!" ಎಂದು ಕಿರುಚಿದ. ನಮ್ಮ ಯಜಮಾನರು ಗೂಟದ ಬಳಿ ಗಂಟು ಬಿಚ್ಚಿದರು. ಬಿಚ್ಚಿ ಹಗ್ಗವನ್ನು ಹಾಗೆಯೇ ನೀರಿಗೆ ಬಿಟ್ಟರು. ಎಮ್ಮೆಯನ್ನು ಗೂಟದಿಂದ ಬಿಚ್ಚಿದರೆ ಹಗ್ಗ ಅದರ ಹಿಂದೆಯೇ ಎಳೆದುಕೊಂಡು ಹೋಗುತ್ತದಲ್ಲ, ನಲವತ್ತು ವರ್ಷ ಅವರ ಕೈ ಕಲಿತದ್ದು ಅಷ್ಟೇ. ಡ್ರೈವರ್ ಹಿಂದೆ ತಿರುಗಿ ನೋಡಲಿಲ್ಲ. ಮೋಟಾರು ಹಾಕಿದ. ದೋಣಿ ಹತ್ತು ಮಾರು ಹೋಯಿತು. ನೀಲಿ ಹಗ್ಗ ನೀರಿನ ಮೇಲೆ ಬಿಚ್ಚಿಕೊಂಡು ಹೋಗಿ, ದೋಣಿಯ ಕೆಳಗೆ ಹೊಕ್ಕು ಮಾಯವಾಗಿದ್ದನ್ನು ಜಗಲಿಯಿಂದ ನಾನು ಕಣ್ಣಾರೆ ಕಂಡೆ. ಮೋಟಾರು ಕಿರ್ರೆಂದು ನಿಂತಿತು.

ದಂಡೆಯಿಂದ ನಾಲ್ಕು ಜನ ನೀರಿಗಿಳಿದು ದೋಣಿಯನ್ನು ತಳ್ಳಿ ದಂಡೆಗೆ ತಂದರು. ಮೇಸ್ತ್ರಿ ಅವತ್ತು ಇಲ್ಲೇ, ಕುಡಿಯುವ ನೀರಿನ ಪಂಪುಮನೆಯಲ್ಲಿ ಕೆಲಸ ಮಾಡುತ್ತಿದ್ದರು. ಯಾರೋ ಅವರನ್ನು ಎಳೆದುಕೊಂಡೇ ಬಂದರು. ಅವರು ದೋಣಿ ಹತ್ತಿ ಮೊದಲು ಹಿಂಬದಿಯ ಬಳೆಯಿಂದ ಹಗ್ಗದ ತುದಿ ಬಿಚ್ಚಿದರು. ಬಿಳಿ ಹಗ್ಗ, ಗಂಟು, ಗಂಟಿನಾಚೆ ನೀಲಿ. ಒಂದು ಸಲ ನಮ್ಮ ಯಜಮಾನರ ಮುಖ ನೋಡಿದರು. ಆಮೇಲೆ ಹಿಂಭಾಗದ ಮುಚ್ಚಳ ತೆಗೆದರು. ಒಂದೇ ಕೈ ಹೋಗುವಷ್ಟು ಕಿಂಡಿ. ಕೈ ತೂರಿಸಿ ತಡಕಿದರು.

"ಅಚ್ಚಿಗೆ ಸುತ್ಕಂಡೈತೆ. ಕಲ್ಲಾಗೈತೆ. ಎಲ್ಲಾರೂ ಮನ್ಯಾಗಿರೋ ಹತಾರ ತರ್ರೀ."

ಎಲ್ಲರೂ ಓಡಿದರು. ನಾನೂ ಓಡಿದೆ. ಕೊಡಲಿ, ಮಚ್ಚು, ಈಳಿಗೆಮಣೆ, ಅಡಿಕೆಗೊನೆ ಕೊಯ್ಯುವ ಕೊಕ್ಕೆಗತ್ತಿ. ನಾನು ಒಯ್ದದ್ದು ದಬ್ಬಣ ಮತ್ತು ಹುಲ್ಲು ಕೊಯ್ಯುವ ಹಲ್ಲಿನ ಕುಡುಗೋಲು. ಭತ್ತದ ಕೊಯ್ಲಿಗೆ ಬಳಸುವಂಥದ್ದು, ಅಂಚಿನಲ್ಲಿ ಗರಗಸದಂತೆ ಸಣ್ಣ ಹಲ್ಲು. ಹಳೆಯದು, ಹಿಡಿ ಅಲ್ಲಾಡುತ್ತಿತ್ತು.

ಮೇಸ್ತ್ರಿ ಗೋಣಿತಾಟು ಹಾಸಿ ಎಲ್ಲವನ್ನೂ ಹರವಿದರು. ತಮ್ಮ ಚೀಲದ್ದನ್ನೂ ಸುರಿದರು.

"ಹಾಸ್ಕಂಡು ಕುಂತ್ಯಲ್ಲೋ! ಅಲ್ಲಿ ಹುಡುಗ್ರು ಸಾಯ್ತಾವೆ!" ಅಣ್ಣತಮ್ಮಂದಿರ ಅವ್ವ ಎದೆ ಬಡಿದುಕೊಂಡಳು.

"ಉಳಿ ಹಾಕಿ ಹೊಡೀರಿ!" ಎಂದ ಡ್ರೈವರ್.

"ಇದಲ್ಲ. ಒಳಗಿನ ರೆಕ್ಕೆ ಮುಕ್ಕಾದ್ರೆ ಹಗ್ಗ ಬಂದ್ರೂ ದೋಣಿ ಹೋಗಲ್ಲ."

"ಬೆಂಕಿ ಹಿಡೀರಿ, ಕರಗ್ತತೆ!"

"ಇದಲ್ಲ. ಕರಗಿ ಬೆಲ್ಲದಂಗೆ ಅಂಟ್ಕಂತತೆ. ಪಕ್ಕದಾಗೆ ಪೆಟ್ರೋಲ್ ಐತೆ."

ಹ್ಯಾಕ್ಸಾದ ಚೌಕಟ್ಟು ಕಿಂಡಿಯಲ್ಲಿ ಹಿಡಿಸುವುದಿಲ್ಲ, ಇದಲ್ಲ. ಈಳಿಗೆ ಇದಲ್ಲ. ನನ್ನ ಕುಡುಗೋಲನ್ನು ಎತ್ತಿ, ಹಿಡಿ ಅಲ್ಲಾಡಿಸಿ ನೋಡಿ, "ಇದಲ್ಲ" ಎಂದು ಪಕ್ಕಕ್ಕಿಟ್ಟರು. ಕೊನೆಗೆ ಉಳಿದದ್ದು ಅಡಿಕೆಯ ಕೊಕ್ಕೆಗತ್ತಿ. ಎಲ್ಲಕ್ಕಿಂತ ಹರಿತವಾದದ್ದು ಅದೇ.

ನೀರಿಗಿಳಿದು ದೋಣಿಯ ಹಿಂದೆ ನಿಂತರು. ಎದೆಮಟ್ಟದ ನೀರು. ಅವತ್ತು ಅವರು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಲಿಲ್ಲ.

ಕತ್ತಿ ಕೆಲಸ ಮಾಡಲಿಲ್ಲ. ಬಿಗಿದು ಕಲ್ಲಾದ ಒದ್ದೆ ನೈಲಾನಿನ ಮೇಲೆ ಅದರ ನುಣುಪು ಅಂಚು ಜಾರುತ್ತಿತ್ತು. ಆ ಸಣ್ಣ ಕಿಂಡಿಯಲ್ಲಿ ಅದರ ಕೊಕ್ಕೆ ತಿರುಗುತ್ತಲೂ ಇರಲಿಲ್ಲ. ಒಂದು ತಂಬಿಗೆ ನೀರು ಒಲೆಯ ಮೇಲೆ ಕುದಿಯುವಷ್ಟು ಹೊತ್ತು ಅವರು ಅದರಲ್ಲೇ ಒದ್ದಾಡಿದರು. ಆಮೇಲೆ ಕತ್ತಿಯನ್ನು ದಂಡೆಗೆ ಎಸೆದು, "ಅಕ್ಕಾರೆ, ಆ ಕುಡುಗೋಲು ಕೊಡ್ರಿ" ಎಂದರು. ಹಿಡಿಯನ್ನು ದಂಡೆಯ ಕಲ್ಲಿಗೆ ಕುಟ್ಟಿ ಉದುರಿಸಿದರು. ನನ್ನ ಸೆರಗಿನ ಅಂಚು ಹರಿದುಕೊಟ್ಟೆ, ಅದನ್ನು ಬುಡಕ್ಕೆ ಸುತ್ತಿಕೊಂಡು ಬರೀ ಅಲಗನ್ನು ಒಳಕ್ಕೆ ತೂರಿಸಿದರು. ಗರಗರ ಎಂದು ಶಬ್ದ ಬಂತು. ಹಲ್ಲುಗಳು ಕಚ್ಚುತ್ತಿದ್ದವು.

"ಅಚ್ಚು ಹಿಂದಕ್ಕೆ ತಿರುವ್ರೀ" ಎಂದರು, ದೋಣಿ ಹತ್ತಿ ನಿಂತಿದ್ದ ನಮ್ಮ ಯಜಮಾನರಿಗೆ. "ಇನ್ನೊಂದ್ ಚೂರು. ನಿಲ್ರಿ. ಹೂಂ, ಇನ್ನೊಂದ್ ಚೂರು."

ಕೊಯ್ದ ಎಳೆಗಳನ್ನು ದಬ್ಬಣದಿಂದ ಒಂದೊಂದಾಗಿ ಮೀಟಿ ಎಳೆದರು. ನೀಲಿ ತುಂಡುಗಳು ಹೊರಗೆ ಬಂದವು, ಅವರ ಬೆರಳಿನ ರಕ್ತದೊಂದಿಗೆ. ಬಂದದ್ದನ್ನೆಲ್ಲ, ಆ ಗಂಟನ್ನೂ ಸೇರಿಸಿ, ತಮ್ಮ ಚೀಲಕ್ಕೆ ತುಂಬಿದರು. ಸುತ್ತ ನಿಂತವರು ಕೆರೆಯ ಕಡೆ ನೋಡುತ್ತಿದ್ದರು. ಯಾರೂ ಹಗ್ಗ ನೋಡಲಿಲ್ಲ.

ದೋಣಿ ಹೋಯಿತು. ತಿರುಗಿ ಬಂದಾಗ ಅದರಲ್ಲಿ ಅಣ್ಣ ಒಬ್ಬನೇ ಇದ್ದ. ತಮ್ಮನ ಅಂಗಿಯ ಹರಿದ ಕಾಲರು ಅವನ ಮುಷ್ಟಿಯಲ್ಲಿತ್ತು.

"ಮೋಟಾರು ಶಬ್ದ ಕೇಳ್ತು. ಬಂದ್ರು ಕಣೋ ಅಂದೆ. ಆಗ ಕೈ ಬಿಟ್ಟ" ಎಂದ. ಅಷ್ಟನ್ನೇ ಸಂಜೆಯವರೆಗೂ ಹೇಳಿದ.

ವಾರದ ಮೇಲೆ ಸಾಹೇಬರು ವಿಚಾರಣೆಗೆ ಬಂದರು. ಡ್ರೈವರ್, ಕೆರೆಯಲ್ಲಿದ್ದ ಯಾವುದೋ ಬಲೆಯ ಹಗ್ಗ ಸಿಕ್ಕಿತು ಎಂದ. ಒಳಗೆಳೆದುಕೊಳ್ಳಬೇಕಾದವನು ತಾನೇ ಎಂಬುದು ಅವನಿಗೆ ಗೊತ್ತಿತ್ತು. ನಮ್ಮ ಯಜಮಾನರನ್ನು ಏನೂ ಕೇಳಲಿಲ್ಲ, ಅವರು ಏನೂ ಹೇಳಲಿಲ್ಲ. ಅವರ ಕಾಯಂ ಆರ್ಡರು ಆಗ ಸಾಹೇಬರ ಮೇಜಿನ ಮೇಲಿತ್ತು, ಮನೆಯಲ್ಲಿ ಎರಡು ಹೆಣ್ಣುಮಕ್ಕಳು. ಮೇಸ್ತ್ರಿಯನ್ನು, "ತಡ ಯಾಕಾಯಿತು?" ಎಂದು ಕೇಳಿದರು.

"ತಪ್ಪು ಹತಾರ ಆರಿಸಿದೆ ಸ್ವಾಮಿ" ಎಂದರು ಮೇಸ್ತ್ರಿ.

ಊರಿಗೆ ಅಷ್ಟು ಸಾಕಾಯಿತು.

ಆಮೇಲೆ ಈ ಕಡೆಯ ಯಾರೂ ಅವರನ್ನು ಕೆಲಸಕ್ಕೆ ಕರೆಯಲಿಲ್ಲ. ಅಂಗಡಿಯಲ್ಲಿ ಯಾರಾದರೂ ಬದನೆಕಾಯಿ ಆರಿಸುತ್ತಾ ನಿಂತರೆ, "ಏ, ಮೇಸ್ತ್ರಿ ಆಗಬ್ಯಾಡ, ಬೇಗ ತಗಾ" ಎನ್ನುವುದು ರೂಢಿಯಾಯಿತು. ನನ್ನ ಬಾಲವಾಡಿಯ ಮಕ್ಕಳೂ ಕಲಿತವು. ಒಮ್ಮೆ ಚನ್ನಗಿರಿಯಲ್ಲಿ ಬಳೆ ಆರಿಸುವಾಗ ಜೊತೆಗಿದ್ದವಳು ನನಗೇ ಹಾಗೆ ಅಂದಳು. ನಾನೂ ನಕ್ಕೆ.

ಆರು ತಿಂಗಳಿಗೆ ಕಾಯಂ ಆರ್ಡರು ಬಂತು. ಶಾವಿಗೆ ಪಾಯಸ ಮಾಡಿದೆ. ಮಕ್ಕಳು ಉಂಡರು. ನಾವಿಬ್ಬರೂ ಹಸಿವಿಲ್ಲ ಎಂದೆವು. ಹಗ್ಗ ಬಿಟ್ಟಿದ್ದನ್ನು ಅವರು ನನಗೆ ಹೇಳಲಿಲ್ಲ. ನಾನು ನೋಡಿದ್ದನ್ನು ಅವರಿಗೆ ಹೇಳಲಿಲ್ಲ. ಎಮ್ಮೆಗೆ ಮತ್ತೆ ತೆಂಗಿನ ನಾರಿನ ಹಗ್ಗ ತಂದರು. ನೀಲಿಯದು ಏನಾಯಿತು ಎಂದು ನಾನು ಕೇಳಲಿಲ್ಲ.

ನಾಲ್ಕು ವರ್ಷದ ಮೇಲೆ ಬಾಲವಾಡಿಯ ತರಬೇತಿಗೆ ಹೊನ್ನಾಳಿಗೆ ಹೋದಾಗ ಒಂದು ಮಧ್ಯಾಹ್ನ ಬಿಡುವು ಸಿಕ್ಕಿತು. ಕೇಳಿಕೊಂಡು ಅವರ ಶೆಡ್ಡಿಗೆ ಹೋದೆ. "ನ್ಯಾಮತಿ ಅಕ್ಕಾರು!" ಎಂದು ಎದ್ದು ನಿಂತರು. ಯಾರದೋ ಪಂಪು ಬಿಚ್ಚಿ ಕೂತಿದ್ದರು. ಗೋಣಿತಾಟು ಹಾಸಿರಲಿಲ್ಲ. ಚೀಲಕ್ಕೆ ಕೈ ಹಾಕಿ ಸಿಕ್ಕಿದ್ದನ್ನು ತೆಗೆದು, ಅದರಲ್ಲೇ ಬಡಿದು ತಿರುವಿ ಮಾಡುತ್ತಿದ್ದರು. ಅವರ ಹೆಂಡತಿ ಚಹಾ ತಂದಿಟ್ಟು, "ಈಗೀಗ ಹಿಂಗೇ ಮಾಡ್ತಾರೆ. ಮಾಡಿದ್ದು ವಾರಕ್ಕೆ ತಿರುಗಿ ಬರ್ತತೆ" ಎಂದು ನನಗೊಬ್ಬಳಿಗೇ ಕೇಳಿಸುವಂತೆ ಹೇಳಿ ಒಳಗೆ ಹೋದರು.

ನಾನು ಕೇಳಿದೆ. "ಹಗ್ಗ ಯಾರದು ಅಂತ ನಿಮಗೆ ಗೊತ್ತಿತ್ತು. ಯಾಕೆ ಹೇಳಲಿಲ್ಲ?"

ಅವರು ಸ್ಪ್ಯಾನರ್ ಕೆಳಗಿಟ್ಟರು. "ಸಾಹೇಬ್ರು ನನ್ನ ಕೇಳಿದ್ದು ತಡ ಯಾಕಾತು ಅಂತ. ಹಗ್ಗ ಯಾರದು ಅಂತ ಕೇಳಲಿಲ್ಲ."

"ಕೇಳಿದ್ದರೆ ಹೇಳ್ತಿದ್ರಾ?"

"ಕೇಳಲಿಲ್ಲಲ್ಲ." ಕೈಯ ಗ್ರೀಸನ್ನು ಚಿಂದಿಗೆ ಒರೆಸಿಕೊಂಡರು. "ಹಗ್ಗ ಯಾರ್ದಾರ ಆಗಿರ್ಲಿ ಅಕ್ಕಾರೆ, ಬಿಡಿಸೋದು ನನ್ನ ಕೆಲಸ. ನಿಮ್ಮ ಕುಡುಗೋಲು ಕೈಯಾಗೆ ಹಿಡ್ದು ಇದಲ್ಲ ಅಂದೆ. ಯಾಕಂದ್ರೆ ಹಿಡಿ ಅಲ್ಲಾಡ್ತಿತ್ತು. ಹಿಡಿ ನೋಡ್ದೆ, ಹಲ್ಲು ನೋಡ್ಲಿಲ್ಲ. ಮೊದ್ಲೇ ಅದನ್ನ ತಗಂಡಿದ್ರೆ ಆ ಹುಡುಗ ಇರ್ತಿದ್ದ."

"ಹಗ್ಗ ಇಲ್ಲದಿದ್ದರೂ ಇರ್ತಿದ್ದ" ಎಂದೆ.

"ಅದು ನಿಮ್ಮ ಮನೆ ಮಾತು" ಎಂದರು. ಕೋಪದಿಂದ ಹೇಳಲಿಲ್ಲ. ಚಹಾ ಆರಿತ್ತು. ಇಬ್ಬರೂ ಕುಡಿದೆವು. ತರಬೇತಿಯ ಗಂಟೆಯಾಯಿತೆಂದು ನಾನು ಎದ್ದು ಬಂದೆ. ಮನೆಗೆ ಬಂದ ಮೇಲೆ, ಅಲ್ಲಿಗೆ ಹೋಗಿದ್ದೆ ಎಂದು ಯಜಮಾನರಿಗೆ ಹೇಳಲಿಲ್ಲ.

ನಿನ್ನೆ ಸಂಜೆ ಹೊನ್ನಾಳಿ ಬಸ್ಸಿನ ಕಂಡಕ್ಟರ್ ಸುದ್ದಿ ತಂದ. ಯಜಮಾನರು ಕೇಳಿಸಿಕೊಂಡು, "ನಾಳೆ ಬಿಳಿ ಅಂಗಿ ತೆಗೆದಿಡು" ಎಂದರು.

ಇವತ್ತು ಬಸ್ಸಿನಲ್ಲಿ ಆ ಅಣ್ಣನೂ ಇದ್ದ. ಈಗ ಅವನಿಗೂ ತಲೆ ನರೆತಿದೆ. "ಸತ್ತ ಮ್ಯಾಲೆ ಹಗೆ ಇಟ್ಕಾಬಾರ್ದು ಅಂತ ಅವ್ವ ಅಂದ್ಲು, ಬಂದೆ" ಎಂದ. ಕೆರೆಯ ಚಹಾದಂಗಡಿಯವನೂ ಬಂದಿದ್ದ. ಮೇಸ್ತ್ರಿಯನ್ನು ಕೂರಿಸಿ, ವಿಭೂತಿ ಹಚ್ಚಿ, ಪತ್ರೆ ಹಾಕಿ ಮಣ್ಣು ಕೊಟ್ಟರು. ನಾವೂ ಒಂದೊಂದು ಹಿಡಿ ಹಾಕಿದೆವು. ಆಮೇಲೆ ಗಂಡಸರು ಬೋರಿಂಗಿನ ಹತ್ತಿರ ಕೈಕಾಲು ತೊಳೆಯಲು ನಿಂತರು. ನಮ್ಮ ಯಜಮಾನರು ಬೋರಿಂಗು ಒತ್ತುತ್ತಿದ್ದರು.

"ಜಾಗ ಚೆನ್ನಾಗೈತೆ" ಎಂದ ಚಹಾದಂಗಡಿಯವನು. "ಇದನ್ನಾದ್ರೂ ಸರಿಯಾಗಿ ಆರಿಸ್ಕಂಡ ಮೇಸ್ತ್ರಿ."

ಇಬ್ಬರು ಮೂವರು ನಕ್ಕರು. ಯಜಮಾನರು ಒತ್ತುವುದನ್ನು ನಿಲ್ಲಿಸಿದರು.

"ಆ ಹಗ್ಗ ನಂದು" ಎಂದರು, ಆ ಅಣ್ಣನ ಕಡೆ ತಿರುಗಿ.

"ಯಾವ ಹಗ್ಗ?"

"ದೋಣಿ ನುಂಗಿದ್ದು. ಬಲೇದಲ್ಲ. ನಮ್ಮ ಎಮ್ಮೆ ಹಗ್ಗ, ನಾನೇ ಗಂಟು ಹಾಕಿದ್ದೆ. ಡ್ರೈವರ್ ಬಿಚ್ಚು ಅಂದ, ಬಿಚ್ಚಿ ನೀರಿಗೆ ಬಿಟ್ಟೆ. ಮೇಸ್ತ್ರಿ ತಡ ಮಾಡಿದ್ದು ಆಮ್ಯಾಲೆ. ಹಗ್ಗ ಹೋಗದಿದ್ರೆ ಅವ್ರು ಕೈ ಹಾಕೋ ಪ್ರಮೇಯನೇ ಇರ್ಲಿಲ್ಲ."

"ಬಿಡ್ರಿ ಯಜಮಾನ್ರೆ" ಎಂದ ಚಹಾದಂಗಡಿಯವನು. "ದುಃಖದಾಗೆ ಏನೇನೋ ಬಾಯಿಗೆ ಬರ್ತತೆ."

"ದುಃಖದ್ದಲ್ಲ" ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಎನಿಸಿತು. "ನಾನು ನೋಡೀನಿ. ಬಾಲವಾಡಿ ಜಗಲಿ ಮ್ಯಾಲೆ ನಿಂತಿದ್ದೆ."

ಯಜಮಾನರು ನನ್ನನ್ನು ನೋಡಿದರು. ಅಣ್ಣನೂ ನೋಡಿದ.

"ಇಬ್ರಿಗೂ ಗೊತ್ತಿತ್ತು" ಎಂದ. "ಒಂಬತ್ತು ವರ್ಷ ಈ ಮನುಷ್ಯನ ಮುಖ ನೋಡಲಿಲ್ಲ ನಾನು. ಒಂದ್ಸಲ ಬಸ್ಸಿನಾಗೆ ಪಕ್ಕದಾಗೆ ಕುಂತ್ರು. ಎದ್ದು ನಿಂತ್ಕಂಡು ಬಂದೆ."

ಅವನು ಒದ್ದೆ ಕೈಯಲ್ಲೇ ತಿರುಗಿ ಹೋದ. ಗುಂಡಿ ಆಗಲೇ ಮುಚ್ಚಿ ದಿಬ್ಬವಾಗಿತ್ತು. ಬಗ್ಗಿ ಇನ್ನೊಂದು ಹಿಡಿ ಮಣ್ಣು ತೆಗೆದು ಅದರ ಮೇಲೆ ಹಾಕಿ, ಅಂಗೈಯಿಂದ ಒತ್ತಿದ. "ಆಗ್ಲೆ ಹಾಕಿದ್ದು ಸರಿ ಬರಲಿಲ್ಲ" ಎಂದು ಅಲ್ಲಿದ್ದವರಿಗೆ ಹೇಳಿದ.

ಹೊರಡುವ ಮುಂಚೆ ಮೇಸ್ತ್ರಿಯ ಹೆಂಡತಿಗೂ ಯಜಮಾನರು ಹೇಳಿದರು. ಆಕೆ ತಮ್ಮ ಮನೆಯ ಬಾಗಿಲಿಗೆ ಒರಗಿ ಕೂತಿದ್ದರು.

"ನಂಗೆ ಗೊತ್ತೈತ್ರೀ. ನೀವು ಒಂದಿನ ಬರ್ತೀರಿ ಅಂತ ಅವ್ರು ಅಂತಿದ್ರು. ಮೊದಮೊದ್ಲು ಚನ್ನಗಿರಿ ಬಸ್ಸು ಬಂದ್ರೆ ಹೊರಗ್ ಹೋಗಿ ನೋಡೋರು. ಈ ಎರಡು ವರ್ಷ ನೋಡ್ತಿರ್ಲಿಲ್ಲ." ಅಷ್ಟು ಹೇಳಿ, "ನೀರು ಕುಡೀರಿ, ದೂರದಿಂದ ಬಂದೀರಿ" ಎಂದರು. ಕುಡಿದೆವು.

ಬರುವಾಗ ಅಣ್ಣ ಮುಂದಿನ ಸೀಟಿನಲ್ಲಿ ಕೂತ. ಕೆರೆಯ ಹತ್ತಿರ ಇಳಿದು ಓಣಿಯ ಕಡೆ ನಡೆದ. ತಿರುಗಿ ನೋಡಲಿಲ್ಲ.

ಮನೆಯಲ್ಲಿ ಸ್ನಾನ ಮುಗಿದ ಮೇಲೆ ಯಜಮಾನರು ಒಲೆಯ ಮುಂದೆ ಬಂದು ಕೂತರು.

"ನಾಳೆ ಹೊತ್ತಿಗೆ ಓಣಿಗೆಲ್ಲ ಗೊತ್ತಾಗಿರ್ತತೆ."

"ಆಗ್ಲಿ."

"ಜಗಲಿ ಮ್ಯಾಲಿಂದ ಗೂಟ ಕಾಣ್ತತಾ?"

"ಕಾಣ್ತತೆ."

"ಅಷ್ಟು ದಿನದಿಂದ ಕಾಣ್ತಿತ್ತಾ?"

"ಹೂಂ."

ಅವರು ಸೌದೆಯನ್ನು ಮುಂದೂಡಿದರು. ಅನ್ನ ಮಾಡಿದ್ದೆ, ಹುರುಳಿಕಾಳಿನ ಸಾರು. ಉಪ್ಪು ಹಾಕಲು ಮರೆತಿದ್ದೆ. ಅವರು ಹಾಗೆಯೇ ಎರಡು ಸಲ ಹಾಕಿಸಿಕೊಂಡು ಉಂಡರು, ನಾನು ಒಂದು ಸಲ. ಉಪ್ಪಿಲ್ಲ ಎಂದು ಇಬ್ಬರೂ ಹೇಳಲಿಲ್ಲ. ಮೊದಲು ಮಲಗಿದ್ದು ಅವರು. ಇನ್ನೂ ಬೆಳಕಿತ್ತು.